ನೀರಿನ ಮೇಲೊಂದು ಒಲೆ

ಲಂಡನ್ ನಗರದ ಪ್ಯಾಡಿಂಗ್ಟನ್ ರೈಲು ನಿಲ್ದಾಣದಿಂದ ಹೊರಬಿದ್ದು ಹತ್ತು ನಿಮಿಷ ನಡೆದರೆ ಸಾಕು, ಬಸ್ಸುಗಳ ಗದ್ದಲ ಹಿಂದುಳಿದು ಮರಗಳ ನೆರಳಿನಲ್ಲಿ ಮಲಗಿರುವ ಒಂದು ಕಾಲುವೆ ಎದುರಾಗುತ್ತದೆ. ಈ ಸ್ಥಳಕ್ಕೆ ‘ಲಿಟ್ಲ್ ವೆನಿಸ್’ ಎಂದು ಹೆಸರು. ದಡದುದ್ದಕ್ಕೂ ಕೆಂಪು, ಹಸಿರು, ನೀಲಿ ಬಣ್ಣಗಳ ನೀಳವಾದ ದೋಣಿಗಳು ಜಾತ್ರೆಗೆ ಬಂದ ಗಾಡಿಗಳಂತೆ ಒಂದರ ಹಿಂದೊಂದು ತಂಗಿರುತ್ತವೆ. ಅವುಗಳ ಛಾವಣಿಯ ಮೇಲೆ ಹೂವಿನ ಕುಂಡ, ಸೈಕಲ್ಲು, ಸೌದೆಯ ರಾಶಿ. ಬಿಸಿಲಿನಿಂದ ವಿದ್ಯುತ್ತು ಹುಟ್ಟಿಸುವ ಕಪ್ಪು ಹಲಗೆಗಳು. ಗಿಡ್ಡನೆಯ ಚಿಮಣಿಯಿಂದ ಎಳೆಎಳೆಯಾಗಿ ಹೊಗೆ ಏಳುತ್ತಿರುತ್ತದೆ. ಪ್ರವಾಸಿಗಳು ನಿಂತು ಚಿತ್ರ ತೆಗೆದುಕೊಳ್ಳುತ್ತಾರೆ, “ಎಂಥ ನಿಶ್ಚಿಂತೆಯ ಬಾಳು!” ಎಂದು ಉದ್ಗರಿಸಿ ಮುಂದೆ ಸಾಗುತ್ತಾರೆ.

ದೋಣಿಯೊಳಗಿನ ಗೃಹಿಣಿ ಈ ಮಾತು ಕೇಳಿ ಮನಸ್ಸಿನಲ್ಲಿಯೇ ನಗುತ್ತಾಳೆ. ಮುಂದಿನ ತುದಿಯ ಪೆಟ್ಟಿಗೆಯಲ್ಲಿರುವ ಕೆಂಪು ಸಿಲಿಂಡರಿನಲ್ಲಿ ಅಡಿಗೆಯ ಅನಿಲ ಇನ್ನೆಷ್ಟು ದಿನಕ್ಕೆ ಉಳಿದಿದೆಯೆಂಬುದು ಅವಳ ಚಿಂತೆ. ನಮ್ಮ ಊರಿನ ಮನೆಗಳಲ್ಲಿ ಸಿಲಿಂಡರು ಮುಗಿಯುವುದು ನೆಂಟರು ಬಂದ ದಿನವೇ ಎಂಬ ನಂಬಿಕೆಯಿದೆಯಷ್ಟೆ. ಆದರೆ ಇಲ್ಲಿ ಹೇಳಿ ಕಳುಹಿಸಿದರೆ 14.2 ಕಿಲೋ ತೂಕದ ಅನಿಲವನ್ನು ಬಾಗಿಲಿಗೇ ತಂದು ಇಳಿಸುವವರುಂಟು. ಬಾಗಿಲೇ ಇಂದು ಒಂದೂರಿನಲ್ಲಿ, ಹದಿನೈದು ದಿನಗಳ ಬಳಿಕ ಮತ್ತೊಂದೂರಿನಲ್ಲಿ ಇರುವ ಮನೆಗೆ ಅದನ್ನು ತಂದುಕೊಡುವವರಾರು?

ಕಾಲುವೆಯ ಹಾದಿ

ಇಂಗ್ಲೆಂಡಿನಲ್ಲಿ ರೈಲು ಹುಟ್ಟುವುದಕ್ಕೆ ಮೊದಲು ಕಲ್ಲಿದ್ದಲು, ಕಬ್ಬಿಣ, ಮಣ್ಣಿನ ಪಾತ್ರೆ ಎಲ್ಲವೂ ಸಾಗುತ್ತಿದ್ದುದು ಕಾಲುವೆಗಳ ಮೇಲೆ. ಲಂಡನ್ನಿನ ಅಂಚಿನಿಂದ ಉತ್ತರಕ್ಕೆ ಬ್ರಾನ್‌ಸ್ಟನ್ ಎಂಬ ಹಳ್ಳಿಯವರೆಗೆ ತೊಂಬತ್ತು ಮೈಲಿಗಳಿಗೂ ಮೀರಿ ಹರಿಯುವ ಗ್ರ್ಯಾಂಡ್ ಜಂಕ್ಷನ್ ಕಾಲುವೆಯ ಕೆಲಸ 1793ರಲ್ಲಿ ಆರಂಭವಾಗಿ, 1805ರಲ್ಲಿ ಬ್ಲಿಸ್‌ವರ್ತ್ ಸುರಂಗ ತೆರೆದಾಗ ಪೂರ್ಣವಾಯಿತು. 1929ರಲ್ಲಿ ಹಲವು ಕಾಲುವೆಗಳು ಒಂದುಗೂಡಿದ ಮೇಲೆ ಇದಕ್ಕೆ ಗ್ರ್ಯಾಂಡ್ ಯೂನಿಯನ್ ಎಂಬ ಹೆಸರು ಬಂದಿತು. ನೆಲ ಏರಿದಲ್ಲಿ ದೋಣಿಯೂ ಏರಬೇಕು. ಅದಕ್ಕಾಗಿ ‘ಲಾಕ್’ ಎಂಬ ನೀರಿನ ಮೆಟ್ಟಿಲುಗಳಿವೆ. ಎರಡು ಕಡೆಯೂ ಭಾರವಾದ ಮರದ ಕದಗಳಿರುವ ಕಲ್ಲಿನ ತೊಟ್ಟಿಯೊಳಕ್ಕೆ ದೋಣಿ ಬರುತ್ತದೆ. ಕದ ಮುಚ್ಚಿ ನೀರು ತುಂಬಿದರೆ ಅದು ತಾನಾಗಿ ಮೇಲೇಳುತ್ತದೆ. ಕದವನ್ನು ಬೆನ್ನೊಡ್ಡಿ ನೂಕುವ ಕೆಲಸ ಮಾತ್ರ ದೋಣಿಯವರದೇ.

ಈ ದೋಣಿಗಳ ಅಗಲ ಏಳು ಅಡಿಗಿಂತ ಎರಡಂಗುಲ ಕಡಮೆ. ಉದ್ದ ಎಪ್ಪತ್ತೆರಡು ಅಡಿಗಳವರೆಗೂ ಇರಬಹುದು. ಅದಕ್ಕೆಂದೇ ‘ನ್ಯಾರೋಬೋಟ್’, ಕಿರಿದಾದ ದೋಣಿ, ಎಂಬ ಹೆಸರು. ಅಗಲ ಹೆಚ್ಚಿದರೆ ಮಧ್ಯ ಇಂಗ್ಲೆಂಡಿನ ಏಳಡಿಯ ಲಾಕ್‌ಗಳೊಳಗೆ ಹೋಗಲಾಗದು. ಹೀಗೆ ನೂರೈವತ್ತು ವರುಷಗಳಿಗೂ ಹೆಚ್ಚು ಕಾಲ ಒಂದು ಜನವರ್ಗವೇ ಈ ದೋಣಿಗಳ ಮೇಲೆ ಬಾಳಿತು. ಸರಕಿಗೆ ಎಷ್ಟು ಜಾಗವಿದ್ದರೂ ಸಾಲದು. ಆದುದರಿಂದ ಸಂಸಾರಕ್ಕೆ ಉಳಿಯುತ್ತಿದ್ದುದು ಹಿಂಬದಿಯಲ್ಲಿ ಹತ್ತಡಿ ಉದ್ದದ ಒಂದು ಗೂಡು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಅದರೊಳಗೇ. ಬಾಗಿಲ ಬಳಿಯಲ್ಲಿಯೇ ಕಲ್ಲಿದ್ದಲಿನ ಕಬ್ಬಿಣದ ಒಲೆ. ಆ ತಾಯಿ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ಇನ್ನೊಂದು ಕೈಯಿಂದ ಒಳಗೆ ಕುದಿಯುತ್ತಿರುವ ಗಡಿಗೆಯನ್ನು ಕಲಕುತ್ತಿದ್ದಳು. ಹಾಗೆ ಬದುಕಿದರೂ ಗೋಡೆಗೆ ಹಿತ್ತಾಳೆಯ ಅಲಂಕಾರ, ಕದಗಳ ಮೇಲೆ ಗುಲಾಬಿ ಮತ್ತು ಕೋಟೆಯ ಚಿತ್ರಗಳು ತಪ್ಪುತ್ತಿರಲಿಲ್ಲ. ಸಾಗಿಸುವ ಸರಕೇ ಕಲ್ಲಿದ್ದಲಾದಾಗ ಉರುವಲಿನ ಚಿಂತೆ ಅವರನ್ನು ಅಷ್ಟಾಗಿ ಕಾಡಿರಲಾರದು.

1962-63ರ ಭಯಂಕರ ಚಳಿಗಾಲದಲ್ಲಿ ಕಾಲುವೆಗಳು ತಿಂಗಳುಗಟ್ಟಲೆ ಹೆಪ್ಪುಗಟ್ಟಿ, ಆ ಜೀವನಕ್ಕೆ ದೊಡ್ಡ ಪೆಟ್ಟು ಬಿದ್ದಿತು. ಲಂಡನ್ನಿನ ಬಳಿಯ ಸೌತಾಲ್‌ನಲ್ಲಿದ್ದ ಒಂದು ಜಾಮ್ ಕಾರ್ಖಾನೆಗೆ ಕಲ್ಲಿದ್ದಲು ಒಯ್ಯುತ್ತಿದ್ದ ದೋಣಿಗಳ ಓಡಾಟವೂ 1970ರಲ್ಲಿ ನಿಂತಿತು. ಇಂದು ಅದೇ ಸೌತಾಲ್‌ನಲ್ಲಿ ಭಾರತೀಯರು ಬಹುಸಂಖ್ಯೆಯಲ್ಲಿ ನೆಲೆಸಿದ್ದಾರೆ; ಕಾಲುವೆಯಿಂದ ತುಸು ದೂರ ನಡೆದರೆ ತೊಗರಿಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಎಲ್ಲವೂ ಸಿಗುತ್ತವೆ. ಸರಕು ಹೋದರೂ ಕಾಲುವೆಗಳು ಉಳಿದವು. 2012ರಿಂದ ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳ ಸುಮಾರು 2000 ಮೈಲಿ ಜಲಮಾರ್ಗವನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಧರ್ಮಸಂಸ್ಥೆ ನೋಡಿಕೊಳ್ಳುತ್ತಿದೆ. ಅದರ ಪರವಾನಗಿ ಪಡೆದ ದೋಣಿಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ದೋಣಿಗಳು ಇಂದು ಮನೆಗಳೇ ಆಗಿವೆ. ಪಿಂಚಣಿ ಪಡೆದ ವೃದ್ಧ ದಂಪತಿಗಳು, ಲಂಡನ್ನಿನ ಬಾಡಿಗೆ ತೆರಲಾರದ ತರುಣರು, ಊರೂರು ನೋಡುವ ಹುಚ್ಚಿನವರು ಎಲ್ಲರೂ ಅಲ್ಲಿದ್ದಾರೆ.

ಕೆಂಪು ಮತ್ತು ನೀಲಿ

ಇಂದಿನ ದೋಣಿಯ ಅಡಿಗೆಮನೆ ನಮ್ಮ ರೈಲಿನ ಮೊದಲ ದರ್ಜೆಯ ಕೋಣೆಯನ್ನು ನೆನಪಿಗೆ ತರುತ್ತದೆ. ಕೈ ಚಾಚಿದಲ್ಲಿ ಎಲ್ಲವೂ ಇದೆ. ತಿರುಗಲು ಮಾತ್ರ ಸ್ಥಳವಿಲ್ಲ. ನಾಲ್ಕು ಉರಿಗಳ ಒಲೆ, ಕೆಳಗೆ ರೊಟ್ಟಿ ಬೇಯಿಸುವ ಪೆಟ್ಟಿಗೆ. ಸಿಲಿಂಡರು ಮಾತ್ರ ಒಲೆಯ ಪಕ್ಕದಲ್ಲಿರುವಂತಿಲ್ಲ. ದೋಣಿಯ ಮೂತಿಯಲ್ಲಿ, ವಾಸದ ಭಾಗದಿಂದ ಸಂಪೂರ್ಣವಾಗಿ ಬೇರೆಯಾದ ಉಕ್ಕಿನ ಪೆಟ್ಟಿಗೆಯೊಂದರಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ ಬಿಗಿದಿರಬೇಕು. ಆ ಪೆಟ್ಟಿಗೆಯ ತಳದಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ಹೊರಕ್ಕೆ ತೆರೆದ ರಂಧ್ರಗಳಿರಬೇಕು.

ಇಷ್ಟು ಎಚ್ಚರಿಕೆಗೆ ಕಾರಣವುಂಟು. ಅಡಿಗೆಯ ಅನಿಲ ಗಾಳಿಗಿಂತ ಭಾರ. ನೆಲದ ಮೇಲಿನ ಮನೆಯಲ್ಲಿ ಅದು ಸೋರಿದರೆ ಬಾಗಿಲ ಸಂದಿಯಿಂದಾದರೂ ಹೊರಕ್ಕೆ ಹರಿದೀತು. ದೋಣಿಯಾದರೋ ಒಂದು ಬೋಗುಣಿ. ನೀರು ಒಳಗೆ ಬಾರದಂತೆ ಮಾಡಿದ ತಳ, ಅನಿಲ ಹೊರಗೆ ಹೋಗದಂತೆಯೂ ಮಾಡುತ್ತದೆ. ಸೋರಿದ ಅನಿಲ ನೆಲಹಲಗೆಯ ಕೆಳಗೆ ಇಳಿದು, ಕಾಣದ ನೀರಿನಂತೆ ಮಡುಗಟ್ಟಿ ನಿಲ್ಲುತ್ತದೆ. ಒಂದು ಕಿಡಿ ಬಿದ್ದರೆ ಸಾಕು. ಆದಕಾರಣ ದೋಣಿಗಳಿಗೆ ನಾಲ್ಕು ವರುಷಗಳಿಗೊಮ್ಮೆ ಪರೀಕ್ಷೆಯುಂಟು. ಆ ಸುರಕ್ಷತಾ ಪತ್ರವಿಲ್ಲದಿದ್ದರೆ ಪರವಾನಗಿಯಿಲ್ಲ. ಅನೇಕರು ಸಿಲಿಂಡರಿನ ಬಳಿಯಲ್ಲಿ ಒಂದು ಪುಟ್ಟ ಗಾಜಿನ ಬುರುಡೆಯನ್ನು ಜೋಡಿಸಿಕೊಂಡಿರುತ್ತಾರೆ. ಒಲೆಗಳನ್ನು ಆರಿಸಿ ಅದರ ಗುಂಡಿಯನ್ನು ಒತ್ತಿದಾಗ ಒಳಗಿನ ದ್ರವದಲ್ಲಿ ಗುಳ್ಳೆಯೆದ್ದರೆ ಎಲ್ಲಿಯೋ ಸೋರುತ್ತಿದೆಯೆಂದು ಅರ್ಥ. ಹೊಗೆಗಿಂತ ಕಪಟಿಯಾದ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ವಿಷವನ್ನು ಪತ್ತೆಹಚ್ಚಿ ಕೂಗುವ ಯಂತ್ರವೂ 2019ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಎಷ್ಟೇ ಚಳಿಯಿರಲಿ, ಕೋಣೆ ಬೆಚ್ಚಗಾಗಲೆಂದು ಅಡಿಗೆಯ ಒಲೆ ಹಚ್ಚಿಡುವುದಾಗಲಿ ಗಾಳಿಕಿಂಡಿಗೆ ಬಟ್ಟೆ ತುರುಕುವುದಾಗಲಿ ಮೃತ್ಯುವನ್ನು ಮನೆಗೆ ಕರೆದಂತೆಯೇ ಸರಿ.

ಇಂಗ್ಲೆಂಡಿನಲ್ಲಿ ಅನಿಲದ ಸಿಲಿಂಡರುಗಳಲ್ಲಿ ಎರಡು ಬಗೆ ಹೆಚ್ಚಾಗಿ ಕಾಣುತ್ತವೆ: ಪ್ರೊಪೇನಿನ ಕೆಂಪು ಸಿಲಿಂಡರು, ಬ್ಯೂಟೇನಿನ ನೀಲಿ ಸಿಲಿಂಡರು. ಬೇಸಗೆಯಲ್ಲಿ ಎರಡೂ ಒಂದೇ. ಆದರೆ ಬ್ಯೂಟೇನ್ ನೀರು ಹೆಪ್ಪುಗಟ್ಟುವ ಹೊತ್ತಿಗೆ ತಾನೂ ಹಠಮಾರಿಯಾಗುತ್ತದೆ. ಸೊನ್ನೆ ಡಿಗ್ರಿಯ ಸುಮಾರಿಗೆ ಅದು ಆವಿಯಾಗಲೊಲ್ಲದು. ಸಿಲಿಂಡರಿನಲ್ಲಿ ತುಂಬ ಅನಿಲವಿದ್ದೂ ಒಲೆ ಉರಿಯುವುದಿಲ್ಲ. ಪ್ರೊಪೇನಾದರೋ ಸೊನ್ನೆಗಿಂತ 42 ಡಿಗ್ರಿ ಕೆಳಗಿನ ಚಳಿಯವರೆಗೂ ಆವಿಯಾಗುತ್ತದೆ. ಬಯಲಿನಲ್ಲಿರುವ ಉಕ್ಕಿನ ಪೆಟ್ಟಿಗೆಗೆ ಹಿಮದ ರಾತ್ರಿ ತಪ್ಪಿದ್ದಲ್ಲ. ವರುಷವಿಡೀ ದೋಣಿಯಲ್ಲಿ ಬಾಳುವವರು ಕೆಂಪು ಸಿಲಿಂಡರನ್ನೇ ಆರಿಸಿಕೊಳ್ಳುವುದು ಇದಕ್ಕಾಗಿ.

ಗೃಹಿಣಿಯ ಲೆಕ್ಕ

ದೋಣಿಗೆ ಸಾಮಾನ್ಯವಾಗಿ ಒಗ್ಗುವುದು 13 ಕಿಲೋ ಅನಿಲದ ಸಿಲಿಂಡರು. ಸಣ್ಣವು ಹಗುರ, ನಿಜ. ಆದರೆ ಕಿಲೋ ಲೆಕ್ಕದಲ್ಲಿ ದುಬಾರಿ. 47 ಕಿಲೋದ ದೊಡ್ಡ ಸಿಲಿಂಡರು ಅಗ್ಗವಾದರೂ ಮೂತಿಯ ಪೆಟ್ಟಿಗೆಯೊಳಗೆ ಹಿಡಿಸದು. ಸಿಲಿಂಡರು ಎಂದೆಂದಿಗೂ ಕಂಪೆನಿಯ ಸ್ವತ್ತು; ಮೊದಲ ಸಲ ಠೇವಣಿ ಕಟ್ಟಬೇಕು, ಆಮೇಲೆ ಖಾಲಿಯದನ್ನು ಕೊಟ್ಟು ತುಂಬಿದ್ದನ್ನು ತರಬೇಕು. ಇದು ನಮಗೆ ಹೊಸದಲ್ಲ. ಬೆಲೆ ಮಾತ್ರ ಅಂಗಡಿಯಿಂದ ಅಂಗಡಿಗೆ ಬೇರೆ. ದಡದಲ್ಲಿಯೇ ಇರುವ ದೋಣಿಕಟ್ಟೆಯಲ್ಲಿ ಒಂದು ಬೆಲೆಯಾದರೆ, ಎರಡು ಮೈಲಿ ದೂರದ ಅಂಗಡಿಯಲ್ಲಿ ಅದಕ್ಕಿಂತ ಕಡಮೆ. ಆದರೆ ತುಂಬಿದ ಸಿಲಿಂಡರಿನ ತೂಕ ಒಳಗಿನ ಅನಿಲದ ತೂಕಕ್ಕೆ ಸುಮಾರು ಇಮ್ಮಡಿ. ಕೆಸರಿನ ಕಾಲುದಾರಿಯಲ್ಲಿ ಅದನ್ನು ಕೈಗಾಡಿಯ ಮೇಲೆ ಎಳೆದು ತಂದವನಿಗೆ, ಉಳಿಸಿದ ಪೌಂಡುಗಳು ಬೆನ್ನುನೋವಿನ ಮುಲಾಮಿಗೆ ಸಾಲುವುವೇ ಎಂಬ ಸಂಶಯ ಬರುವುದು ಸಹಜ. ಹೇಗೆ ಕೊಂಡರೂ ಒಂದು ಯೂನಿಟ್ಟು ಶಾಖಕ್ಕೆ ನೆಲದ ಮನೆಯವರು ಕೊಳವೆಯ ಅನಿಲಕ್ಕೆ ತೆರುವ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚಿಗೆ ದೋಣಿಯವರು ತೆರುತ್ತಾರೆ.

ಆದುದರಿಂದ ಲೆಕ್ಕ ಅನಿವಾರ್ಯ. 13 ಕಿಲೋ ಪ್ರೊಪೇನಿನಲ್ಲಿ ಸುಮಾರು 180 ಯೂನಿಟ್ಟು ಶಾಖ ಅಡಗಿದೆ. ಎರಡು ಕಿಲೋವಾಟಿನ ಒಂದು ಉರಿಯನ್ನು ದಿನಕ್ಕೊಂದು ಗಂಟೆ ಪೂರ್ಣವಾಗಿ ಉರಿಸಿದರೆ ಸಿಲಿಂಡರು ತೊಂಬತ್ತು ದಿನ ಬರುತ್ತದೆ. ಆದರೆ ಅದೇ ಅನಿಲವನ್ನು ಸ್ನಾನದ ನೀರು ಕಾಯಿಸುವ ಇಪ್ಪತ್ತು ಕಿಲೋವಾಟಿನ ಯಂತ್ರಕ್ಕೆ ಕೊಟ್ಟರೆ ಒಂಬತ್ತೇ ಗಂಟೆಗಳಲ್ಲಿ ಮುಗಿಯುತ್ತದೆ! ಬಡವಾಗುವುದಾದರೆ ಊಟದಿಂದಲ್ಲ, ಸ್ನಾನದಿಂದ ಎಂಬುದು ದೋಣಿಯವರ ಮೊದಲ ಪಾಠ. ಜಾಣರು ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. ದೋಣಿಯ ಎಂಜಿನ್ ಓಡುವಾಗ ಬಿಸಿಯಾಗುವ ನೀರನ್ನು ಒಂದು ಹಂಡೆಯೊಳಗಿನ ಸುರುಳಿಯ ಕೊಳವೆಯಲ್ಲಿ ಹಾಯಿಸಿದರೆ ಸ್ನಾನದ ನೀರು ಬಿಟ್ಟಿಯಾಗಿ ಕಾಯುತ್ತದೆ. ಊರು ಬದಲಿಸುವ ದಿನವೇ ಅಭ್ಯಂಜನದ ದಿನ.

ಚಳಿಗಾಲದ ಇನ್ನೊಂದು ಆಸರೆ ಕಲ್ಲಿದ್ದಲಿನ ಒಲೆ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಕೋಣೆ ಬೆಚ್ಚಗಿರಲೆಂದು ಅದು ಹಗಲಿರುಳು ಉರಿಯುತ್ತದೆ. ಅದರ ತಲೆಯ ಮೇಲೆ ಕೆಟಲು ಸದಾ ಗುನುಗುತ್ತಿರುತ್ತದೆ. ಬೆಳಗ್ಗೆ ಇಟ್ಟ ತರಕಾರಿ, ಮಾಂಸ, ಕಾಳುಗಳ ಗಡಿಗೆ ಸಂಜೆಯ ಹೊತ್ತಿಗೆ ಹದವಾಗಿ ಬೆಂದಿರುತ್ತದೆ. ಅನಿಲ ಬೇಕಾಗುವುದು ಬೆಳಗಿನ ಮೊಟ್ಟೆಗೆ, ಅವಸರದ ಚಹಕ್ಕೆ, ಬೇಸಗೆಯ ಅಡಿಗೆಗೆ ಮಾತ್ರ.

ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯುವುದೂ ಸುಲಭವಲ್ಲ. ಕೊನೆಯ ಬಟ್ಟಲು ದ್ರವ ಇರುವವರೆಗೂ ಒಳಗಿನ ಒತ್ತಡ ಹೆಚ್ಚುಕಡಮೆ ಒಂದೇ ಸಮನಾಗಿರುವುದರಿಂದ ಒತ್ತಡದ ಮಾಪಕ ಸುಳ್ಳುಸಾಕ್ಷಿ. ತಕ್ಕಡಿಯೊಂದೇ ಸತ್ಯವಾದಿ. ಕೆಲವರು ಸಿಲಿಂಡರಿನ ಮೇಲೆ ಬಿಸಿನೀರು ಸುರಿದು ಕೈಯಾಡಿಸಿ ನೋಡುತ್ತಾರೆ. ದ್ರವವಿರುವ ಭಾಗ ಶಾಖವನ್ನು ಹೀರಿ ತಣ್ಣಗಿರುತ್ತದೆ. ಮೇಲಿನ ಬರಿದಾದ ಭಾಗ ಬೆಚ್ಚಗಾಗುತ್ತದೆ.

ಸ್ಟೋಕ್ ಬ್ರೂಯರ್ನ್‌ನ ಜನವರಿ

ನಾರ್ತ್‌ಹ್ಯಾಂಪ್ಟನ್ ಪ್ರಾಂತದ ಸ್ಟೋಕ್ ಬ್ರೂಯರ್ನ್ ಈ ಕಾಲುವೆಯ ಅತಿ ಚೆಲುವಾದ ಹಳ್ಳಿಗಳಲ್ಲೊಂದು. ಕೆಳಗಿನಿಂದ ಏಳು ಲಾಕ್‌ಗಳನ್ನು ಏರಿ ಬಂದರೆ ಎರಡು ದಡದಲ್ಲಿಯೂ ಹಳೆಯ ಕಲ್ಲುಮನೆಗಳು, ಒಂದು ವಸ್ತುಸಂಗ್ರಹಾಲಯ. ಮುಂದೆ ಬ್ಲಿಸ್‌ವರ್ತ್ ಸುರಂಗದ ಕರಿಬಾಯಿ. ಅದರ ಉದ್ದ 3076 ಗಜ. ಒಳಗೆ ಕುದುರೆಗೆ ಹಾದಿಯಿಲ್ಲದ್ದರಿಂದ ಹಿಂದಿನ ದೋಣಿಗಾರರು ಹಲಗೆಯ ಮೇಲೆ ಅಂಗಾತ ಮಲಗಿ, ಗೋಡೆಯನ್ನು ಕಾಲಿನಿಂದ ಒದೆಯುತ್ತ ಕತ್ತಲೆಯಲ್ಲಿ ದೋಣಿ ನಡೆಸಿದರು.

ಜನವರಿಯಲ್ಲಿ ಇಂತಹ ಊರಿನ ದಡದಲ್ಲಿ ತಂಗಿದ ಒಂದು ವೃದ್ಧ ದಂಪತಿಗಳ ದೋಣಿಯನ್ನು ಊಹಿಸಿಕೊಳ್ಳಬಹುದು. ಚಳಿಗಾಲದಲ್ಲಿ ಈ ಕಥೆ ಯಾವ ದೋಣಿಯಲ್ಲಿಯೂ ನಡೆಯುವಂತಹದು. ಲಾಕ್‌ಗಳ ರಿಪೇರಿ ನಡೆಯುವುದು ಚಳಿಗಾಲದಲ್ಲಿ. ಕೆಳಗಿನ ಲಾಕ್‌ನ ಹಳೆಯ ಕದಗಳನ್ನು ಕಿತ್ತು ಹೊಸ ಓಕ್ ಮರದ ಕದ ಕೂಡಿಸುವವರೆಗೆ ಆ ಕಡೆಯ ಹಾದಿ ಬಂದ್. ಈ ಕಡೆಯಾದರೋ ರಾತ್ರೋರಾತ್ರಿ ನೀರು ಹೆಪ್ಪುಗಟ್ಟಿದೆ. ಉಕ್ಕಿನ ದೋಣಿ ತೆಳುವಾದ ಹೆಪ್ಪನ್ನು ಒಡೆದು ಸಾಗಬಲ್ಲುದು. ಆದರೆ ಒಡೆದ ಹಾಳೆಗಳು ನೆರೆಯ ದೋಣಿಗಳ ಮೈ ಕೊಯ್ಯುತ್ತವೆ. ಸಭ್ಯರು ಹಾಗೆ ಮಾಡುವುದಿಲ್ಲ.

ಮುಂಜಾನೆ ಚಹಕ್ಕೆಂದು ಒಲೆ ಹೊತ್ತಿಸಿದರೆ ನೀಲಿ ಜ್ವಾಲೆ ಒಮ್ಮೆ ನಡುಗಿ ಆರಿತು. ಮುದುಕ ನಿಶ್ಚಿಂತೆಯಿಂದಲೇ ಮೂತಿಯ ಪೆಟ್ಟಿಗೆ ತೆರೆದ. ಅಲ್ಲಿ ಎರಡು ಸಿಲಿಂಡರುಗಳಿವೆಯಲ್ಲ! ಎರಡೂ ಖಾಲಿ. ಒಂದು ಮುಗಿದೊಡನೆ ತಾನಾಗಿಯೇ ಇನ್ನೊಂದಕ್ಕೆ ಹೊರಳುವ ಕೀಲನ್ನು ಅವರು ಹೊಸದಾಗಿ ಹಾಕಿಸಿದ್ದರು. ಕೀಲು ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತ್ತೆಂದರೆ, ಮೊದಲನೆಯದು ಮುಗಿದುದೇ ಅವರಿಗೆ ತಿಳಿದಿರಲಿಲ್ಲ. ಅದರ ಪುಟ್ಟ ಗುರುತು ಬಣ್ಣ ಬದಲಿಸಿ ವಾರಗಳೇ ಆಗಿದ್ದವು. ಪೆಟ್ಟಿಗೆಯ ಮುಚ್ಚಳ ತೆರೆದು ನೋಡಿದವರಿಲ್ಲ.

ಹೆಂಡತಿ ಬೈಯಲಿಲ್ಲ. ಕಲ್ಲಿದ್ದಲಿನ ಒಲೆಗೆ ಇನ್ನೆರಡು ಸಲಿಕೆ ಹಾಕಿ, ಓಟ್ಸ್ ಗಂಜಿಯನ್ನು ಅದರ ಮೇಲಿಟ್ಟಳು. ನಾಲ್ಕು ದಿನ ಎಲ್ಲ ಅಡಿಗೆಯೂ ಅದರ ತಲೆಯ ಮೇಲೆಯೇ ನಡೆಯಿತು. ಗಂಜಿಗೆ ಅರ್ಧ ಗಂಟೆ, ಆಲೂಗಡ್ಡೆಗೆ ಮಧ್ಯಾಹ್ನವೆಲ್ಲ. ನೂರು ವರುಷಗಳ ಹಿಂದಿನ ದೋಣಿಯ ತಾಯಂದಿರು ಮಾಡಿದ್ದನ್ನೇ ಅವಳೂ ಮಾಡಿದಳು. ಆದರೆ ಕಲ್ಲಿದ್ದಲಿನ ಚೀಲಗಳಲ್ಲಿ ಉಳಿದುದು ಒಂದೇ. ಅದು ಮುಗಿದರೆ ಶಾಖವೂ ಇಲ್ಲ, ಊಟವೂ ಇಲ್ಲ. ಎಪ್ಪತ್ತು ದಾಟಿದ ಗಂಡ ಕೈಗಾಡಿ ತೆಗೆದು ಹಿಮದ ಹಾದಿಯಲ್ಲಿ ಹೊರಡಲು ಸಿದ್ಧನಾದಾಗ ಮಾತ್ರ ಅವಳು ಅಡ್ಡ ನಿಂತಳು. ಹಿಂದೊಮ್ಮೆ ಅವನು ಇಂತಹದೇ ಹಾದಿಯಲ್ಲಿ ಜಾರಿ ಬಿದ್ದಿದ್ದ.

ಐದನೆಯ ದಿನ ಹೆಪ್ಪು ಕರಗಿತು. ಮಧ್ಯಾಹ್ನದ ಹೊತ್ತಿಗೆ ಸುರಂಗದ ಒಳಗಿನಿಂದ ಕೊಂಬಿನ ಸದ್ದು ಕೇಳಿಸಿತು. ಹಿಂದೆಯೇ ಹಳೆಯ ಎಂಜಿನ್ನಿನ ‘ಟುಕ್-ಟುಕ್’. ಅದು ಉರುವಲಿನ ದೋಣಿ. ಕಲ್ಲಿದ್ದಲಿನ ಚೀಲ, ಡೀಸೆಲ್, ಅನಿಲದ ಸಿಲಿಂಡರು ಹೊತ್ತು ಕಾಲುವೆಯುದ್ದಕ್ಕೂ ಮಾರುವ ಇಂತಹ ದೋಣಿಗಳು ಇಂದಿಗೂ ಇವೆ. ಅವುಗಳಲ್ಲಿ ಕೆಲವು 1930ರ ದಶಕದಲ್ಲಿ ಸರಕು ಸಾಗಿಸಲೆಂದೇ ಕಟ್ಟಿದ ಹಿರಿಯ ದೋಣಿಗಳು. ಯಾವ ವಾರ ಯಾವ ಊರೆಂದು ಮುಂಚಿತವಾಗಿ ತಿಳಿಸಿ ಬರುತ್ತವೆ. ದಡಕ್ಕೆ ಬಾರದೆ ದೋಣಿಯ ಪಕ್ಕಕ್ಕೇ ತಾಗಿ ನಿಂತು, ಸಿಲಿಂಡರನ್ನು ಮೂತಿಯ ಪೆಟ್ಟಿಗೆಗೆ ಇಳಿಸಿಕೊಡುತ್ತಾರೆ. ಅಂಗಡಿಗಿಂತ ಬೆಲೆ ಒಂದಿಷ್ಟು ಹೆಚ್ಚಾದರೂ ಆ ದಿನ ಮುದುಕ ಚೌಕಾಸಿ ಮಾಡಲಿಲ್ಲ. ಪ್ರೊಪೇನಿನ ತಿರುಪು ಎಡಕ್ಕೆ ತಿರುಗಿಸಿದರೆ ಬಿಗಿಯುವಂತಹದು. ಅದನ್ನು ಬಿಗಿದು, ಗುಳ್ಳೆಯೇಳುವುದಿಲ್ಲವೆಂದು ನೋಡಿ, ಪೆಟ್ಟಿಗೆಯ ಮುಚ್ಚಳದ ಒಳಗೆ ಸೀಮೆಸುಣ್ಣದಿಂದ ತಾರೀಖು ಬರೆದ. ಅಂದಿನಿಂದ ಹೆಂಡತಿಯ ಮಾತಿನಂತೆ ಆ ಕೀಲಿಗೆ ವಿಶ್ರಾಂತಿ. ಒಂದು ಮುಗಿದರೆ ಚಳಿಯಲ್ಲಿ ಹೊರಗೆ ಹೋಗಿ ಕೈಯಿಂದಲೇ ಬದಲಿಸಬೇಕು. ಕಷ್ಟವಾದರೂ ತಿಳಿಯುತ್ತದೆ.

ವಿಳಾಸವಿಲ್ಲದ ಮನೆ

ಖಾಯಂ ನೆಲೆ ಬಾಡಿಗೆಗೆ ಪಡೆಯದ ದೋಣಿಗಳು 1995ರ ಕಾನೂನಿನ ಪ್ರಕಾರ ಒಂದೇ ಸ್ಥಳದಲ್ಲಿ ಹದಿನಾಲ್ಕು ದಿನಗಳಿಗಿಂತ ಹೆಚ್ಚು ನಿಲ್ಲಕೂಡದು. ಹೆಪ್ಪುಗಟ್ಟಿದ ನೀರಿನಂತಹ ಸಕಾರಣವಿದ್ದರೆ ಮಾತ್ರ ವಿನಾಯಿತಿ. ಈ ಅಲೆದಾಟದ ಬೆಲೆ 2022-23ರ ಚಳಿಗಾಲದಲ್ಲಿ ಸ್ಪಷ್ಟವಾಗಿ ಕಂಡಿತು. ಉರುವಲಿನ ಬೆಲೆಗಳು ಗಗನಕ್ಕೇರಿದಾಗ ಬ್ರಿಟಿಷ್ ಸರ್ಕಾರ ಮನೆಗೆ 400 ಪೌಂಡಿನಂತೆ ನೆರವು ನೀಡಿತು. ಖಾಯಂ ನೆಲೆಯುಳ್ಳ ದೋಣಿಮನೆಗಳಿಗೂ ಅರ್ಜಿಯ ಮೂಲಕ ಅವಕಾಶವಾಯಿತು. ಆದರೆ ನೆಲೆಯಿಲ್ಲದೆ ಸಂಚರಿಸುವ ದೋಣಿವಾಸಿಗಳು ಆ ಯೋಜನೆಯ ಹೊರಗುಳಿದರು. ಒಲೆ ಅವರಿಗೂ ಇದ್ದಿತು; ಇಲ್ಲದಿದ್ದುದು ವಿಳಾಸ.

ಇತ್ತೀಚೆಗೆ ಕೆಲವರು ಅನಿಲದ ಸಹವಾಸವನ್ನೇ ಬಿಡುತ್ತಿದ್ದಾರೆ. ಛಾವಣಿಯ ಸೌರಫಲಕ, ಲಿಥಿಯಂ ಬ್ಯಾಟರಿ, ವಿದ್ಯುತ್ ಒಲೆ ಇವು ಅವರ ಹೊಸ ಸಲಕರಣೆಗಳು. ಹದಿನಾರು ಗಂಟೆ ಬೆಳಕಿರುವ ಜೂನ್ ತಿಂಗಳಿನಲ್ಲಿ ಸೂರ್ಯನೇ ಅವರ ಅಡಿಗೆಭಟ್ಟ. ಎಂಟು ಗಂಟೆಯ ಮಸುಕು ಹಗಲಿನ ಡಿಸೆಂಬರಿನಲ್ಲಿ ಅವನು ರಜೆ ಹೋಗುತ್ತಾನೆ. ಆಗ ಮತ್ತೆ ಕಲ್ಲಿದ್ದಲು, ಮತ್ತೆ ಎಂಜಿನ್ನು.

ಹೀಗಿದ್ದರೂ ದೋಣಿ ಬಿಟ್ಟು ದಡಕ್ಕೆ ಬರಲು ಆ ವೃದ್ಧ ದಂಪತಿಗಳಿಗೆ ಮನಸ್ಸಿಲ್ಲ. ಮಾರ್ಚಿ ತಿಂಗಳು ಕಾಲಿಟ್ಟಿತು. ಲಾಕ್‌ನ ಹೊಸ ಕದಗಳು ತೆರೆದವು. ಒಂದು ಬೆಳಗ್ಗೆ ಹಗ್ಗ ಬಿಚ್ಚಿ ದೋಣಿ ದಕ್ಷಿಣಕ್ಕೆ ಹೊರಟಿತು. ಮುದುಕ ಚುಕ್ಕಾಣಿ ಹಿಡಿದು ನಿಂತಿದ್ದ. ಒಳಗೆ ಹಂಡೆಯ ನೀರು ಕಾಯುತ್ತಿತ್ತು. ಮೊದಲ ಲಾಕ್ ಬರುವುದಕ್ಕೆ ಮುನ್ನ ಮುದುಕಿ ಮೂತಿಯ ಪೆಟ್ಟಿಗೆಯ ಮುಚ್ಚಳವನ್ನೆತ್ತಿ, ಸೀಮೆಸುಣ್ಣದ ತಾರೀಖನ್ನು ನೋಡಿ, ಬೆರಳು ಮಡಿಸಿ ಎಣಿಸಿದಳು. ಇನ್ನು ನಾಲ್ಕು ವಾರಕ್ಕೆ ಭಯವಿಲ್ಲ. ಒಳಗೆ ಬಂದು ನೀಲಿ ಉರಿ ಹಚ್ಚಿ, ಎರಡು ಬಟ್ಟಲಿಗೆ ಬೇಕಾದಷ್ಟೇ ನೀರನ್ನು ಅಳೆದು ಚಹಕ್ಕಿಟ್ಟಳು.